ಮುಖಕ್ಕೊಂದು, ಮೈಗೊಂದು

ಮದುವೆಯ ಮನೆಯೊಂದನ್ನು ನೆನಪಿಗೆ ತಂದುಕೊಳ್ಳಿ. ಹೊಳೆನರಸೀಪುರದಲ್ಲಾಗಲಿ ಅರಕಲಗೂಡಿನಲ್ಲಾಗಲಿ, ಹೆಣ್ಣಿಗೆ ಅರಿಶಿನ ಹಚ್ಚದೆ ಮದುವೆಯ ಸಡಗರ ಮೊದಲಾಗುವುದಿಲ್ಲ. ಮುತ್ತೈದೆಯರು ಸುತ್ತ ನಿಂತು, ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನು ಮದುವಣಗಿತ್ತಿಯ ಕೆನ್ನೆಗೆ, ಕೈಗೆ, ಕಾಲಿಗೆ ಹಚ್ಚುತ್ತಾರೆ. ಅರಿಶಿನ ಒಂದೇ ಬಟ್ಟಲಿನದು. ಹಚ್ಚುವ ಕೈಯೂ ಒಂದೇ. ಆದರೆ ಮೂರು ದಿನ ಕಳೆದ ಮೇಲೆ ನೋಡಿ. ಕೆನ್ನೆಯ ಹಳದಿ ಬಹುಮಟ್ಟಿಗೆ ಹೋಗಿರುತ್ತದೆ. ಹಿಮ್ಮಡಿಯ ಹಳದಿ ಮಾತ್ರ ಹಾಗೆಯೇ ಕುಳಿತಿರುತ್ತದೆ.

"ಮುಖ ತೊಳೆಯುವುದು ಹೆಚ್ಚು, ಅದಕ್ಕೇ ಹೋಯಿತು" ಎಂದು ಅಜ್ಜಿ ಹೇಳಿಯಾರು. ಆ ಮಾತು ಸುಳ್ಳಲ್ಲ. ಆದರೆ ಅರ್ಧ ಉತ್ತರ. ಉಳಿದರ್ಧ ನಮ್ಮ ಚರ್ಮದಲ್ಲಿಯೇ ಅಡಗಿದೆ. ಅದನ್ನು ತಿಳಿದುಕೊಂಡರೆ ಮುಖಕ್ಕೆ ಏನನ್ನು ಹಚ್ಚಬಹುದು, ಏನನ್ನು ಹಚ್ಚಬಾರದು ಎಂಬುದೂ ತಾನಾಗಿ ಗೊತ್ತಾಗುತ್ತದೆ.

ನಮ್ಮ ಚರ್ಮದ ತೀರ ಮೇಲಣ ಪದರ ಸತ್ತ ಜೀವಕೋಶಗಳದು. ಹೆಂಚು ಹೊದಿಸಿದಂತೆ ಅವು ಒಂದರ ಮೇಲೊಂದು ಕುಳಿತು ಒಳಗಿನ ಮೈಯನ್ನು ಕಾಯುತ್ತವೆ. ಕೆಳಗೆ ಹುಟ್ಟಿದ ಹೊಸ ಕೋಶ ಮೇಲೇರುತ್ತ ಏರುತ್ತ ಒಣಗಿ, ಸುಮಾರು ನಾಲ್ಕು ವಾರಗಳಲ್ಲಿ ಉದುರಿಹೋಗುತ್ತದೆ. ನಾವು ಹಚ್ಚುವ ಅರಿಶಿನವಾಗಲಿ ಗೋರಂಟಿಯಾಗಲಿ ಬಣ್ಣ ಹಿಡಿಸುವುದು ಈ ಸತ್ತ ಪದರಕ್ಕೆ. ಹೆಂಚು ಉದುರಿದಂತೆಲ್ಲ ಬಣ್ಣವೂ ಉದುರುತ್ತದೆ. ಅಂಗೈ, ಅಂಗಾಲುಗಳಲ್ಲಿ ಈ ಪದರ ಬಹಳ ದಪ್ಪ. ಆದುದರಿಂದಲೇ ಗೋರಂಟಿ ಅಂಗೈಯಲ್ಲಿ ಗಾಢವಾಗಿ ಕೆಂಪಾಗುತ್ತದೆ, ಮುಂಗೈ ಮೇಲೆ ತೆಳುವಾಗುತ್ತದೆ. ಇದಕ್ಕೂ ಅತ್ತೆಯ ಪ್ರೀತಿಗೂ ಸಂಬಂಧ ಕಲ್ಪಿಸುವವರು ಕಲ್ಪಿಸಲಿ. ಚರ್ಮದ ಲೆಕ್ಕ ಮಾತ್ರ ಇಷ್ಟೇ.

ಮುಖದಲ್ಲಾದರೋ ಈ ಪದರ ತೆಳ್ಳಗೆ; ಕೋಶಗಳು ಉದುರಿ ಹೊಸದಾಗುವುದೂ ಬೇಗ. ಜೊತೆಗೆ ಮುಖದ ತುಂಬ ಜಿಡ್ಡಿನ ಗ್ರಂಥಿಗಳು. ಹಣೆ, ಮೂಗುಗಳ ಸುತ್ತ ಒಂದು ಚದರ ಸೆಂಟಿಮೀಟರಿನಲ್ಲಿ 400ರಿಂದ 900ರವರೆಗೆ ಇರುತ್ತವೆ. ಮೈಯ ಬೇರೆ ಕಡೆಗಳಲ್ಲಿ ಸಾಮಾನ್ಯವಾಗಿ ನೂರಕ್ಕೂ ಕಡಿಮೆ. ಇನ್ನು ಬಿಸಿಲು. ಅರಿಶಿನ ಬಿದ್ದ ಸೀರೆಯನ್ನು ಸೋಪಿನಿಂದ ಒಗೆದಾಗ ಕಲೆ ಮೊದಲು ಕೆಂಪಾಗುವುದನ್ನೂ, ಬಿಸಿಲಿಗೆ ಹರವಿದಾಗ ಮಾಯವಾಗುವುದನ್ನೂ ನೀವು ಕಂಡಿದ್ದೀರಿ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಕ್ಷಾರಕ್ಕೆ ಕೆಂಪಾಗುತ್ತದೆ, ಬಿಸಿಲಿಗೆ ಒಡೆದುಹೋಗುತ್ತದೆ. ಸೀರೆಗೆ ಆದದ್ದೇ ಕೆನ್ನೆಗೂ ಆಗುತ್ತದೆ.

ಈ ನಿಯಮ ಅರಿಶಿನಕ್ಕೆ ಮಾತ್ರವಲ್ಲ. ಪಶ್ಚಿಮದ ದೇಶಗಳಲ್ಲಿ ಬಿಳಿಯ ಚರ್ಮದವರು ಬಿಸಿಲಿಗೆ ಕಂದಿದಂತೆ ಕಾಣಲು ಒಂದು ದ್ರವ ಹಚ್ಚಿಕೊಳ್ಳುತ್ತಾರೆ. ನಾವು ಬೆಳ್ಳಗಾಗಲು ಹೆಣಗುತ್ತೇವೆ, ಅವರು ಕಂದಾಗಲು! ಅದರಲ್ಲಿರುವುದು ಡೈಹೈಡ್ರಾಕ್ಸಿ ಅಸಿಟೋನ್ ಎಂಬ ಸಕ್ಕರೆಯ ಜಾತಿಯ ವಸ್ತು. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಎಂಬ ವಿಜ್ಞಾನಿ ಅದನ್ನು ಕಾಯಿಲೆಯ ಮಕ್ಕಳಿಗೆ ಕುಡಿಸಿ ಪರೀಕ್ಷಿಸುತ್ತಿದ್ದಾಗ, ಚೆಲ್ಲಿದ ಕಡೆ ಚರ್ಮ ಕಂದಾದುದನ್ನು ಗಮನಿಸಿದರು. ಕಾವಲಿಯ ಮೇಲೆ ದೋಸೆ ಕೆಂಪಾಗುವಂಥದೇ ಒಂದು ಕ್ರಿಯೆ ಇಲ್ಲಿ ಕಾವಿಲ್ಲದೆಯೇ ಸತ್ತ ಪದರದಲ್ಲಿ ನಡೆಯುತ್ತದೆ. ಆ ಬಣ್ಣವೂ ಮೈಯಲ್ಲಿ ಐದಾರು ದಿನ ನಿಂತರೆ ಮುಖದಲ್ಲಿ ಅದಕ್ಕೆ ಮೊದಲೇ ಮಾಸುತ್ತದೆ. ದಪ್ಪ ಚರ್ಮದ ಮೊಣಕೈ, ಮೊಣಕಾಲುಗಳಲ್ಲಿ ಬೇಡವೆಂದರೂ ಕಪ್ಪಿಡುತ್ತದೆ. ಆದುದರಿಂದ ಅದನ್ನು ಮುಖಕ್ಕೆ ತೆಳ್ಳಗೆ, ಮೊಣಕೈಗೆ ಇನ್ನೂ ತೆಳ್ಳಗೆ ಹಚ್ಚಬೇಕೆನ್ನುತ್ತಾರೆ. ಕಣ್ಣು, ತುಟಿಗಳಿಗೆ ತಾಗಿಸಲೇಬಾರದು.

ಇನ್ನೊಂದು ಮಾತು. ಈ ಬಣ್ಣ ಬಿಸಿಲನ್ನು ತಡೆಯುವುದು ಅತ್ಯಲ್ಪ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುವವರ ಮೈ ಕಪ್ಪಾಗುವುದು ಬೇರೆ ಬಗೆ. ಅಲ್ಲಿ ಚರ್ಮ ಒಳಗಿನ ಜೀವವನ್ನು ಕಾಯಲು ತಾನೇ ಮೆಲನಿನ್ ಎಂಬ ಬಣ್ಣವನ್ನು ತಯಾರಿಸಿಕೊಳ್ಳುತ್ತದೆ. ಅದು ಕಾಯಿಲೆಯಲ್ಲ, ಕೊಡೆ.

ಇಷ್ಟು ಹೊತ್ತು ಹೇಳಿದ್ದು ಬಣ್ಣ ಬೇಗ ಬಿಡುವ ಸಂಗತಿ. ಬಣ್ಣ ಹೋದರೆ ನಷ್ಟವೇನೂ ಇಲ್ಲ. ಆದರೆ ಬಣ್ಣವನ್ನು ಬೇಗ ಬಿಡುವ ಮುಖದ ಚರ್ಮವೇ ಔಷಧವನ್ನು ಹೆಚ್ಚಾಗಿ ಹೀರುವ ಚರ್ಮವೂ ಹೌದು. ತೊಂದರೆಯಿರುವುದು ಇಲ್ಲಿ.

1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧವನ್ನು ಮೈಯ ಬೇರೆ ಬೇರೆ ಭಾಗಗಳಿಗೆ ಹಚ್ಚಿ, ಎಷ್ಟು ಒಳಸೇರುತ್ತದೆಂದು ಅಳೆದರು. ಮುಂದೋಳು ಹೀರಿದ್ದನ್ನು ಒಂದು ಎಂದಿಟ್ಟುಕೊಂಡರೆ ಹಣೆ ಹೀರಿದ್ದು ಆರು, ದವಡೆಯ ಭಾಗ ಹೀರಿದ್ದು ಹದಿಮೂರು. ಅಂಗಾಲಾದರೋ ಅದರ ಏಳನೆಯ ಒಂದು ಪಾಲು ಮಾತ್ರ. ಕಾಲಿಗೆ ಏನೂ ಮಾಡದ ಮುಲಾಮು ಕೆನ್ನೆಗೆ ಏನು ಮಾಡೀತೆಂದು ಈ ಅಂಕಿಗಳಿಂದ ನೀವೇ ಊಹಿಸಿ.

ಈಗ ನಿಮ್ಮ ಮನೆಯ ಗೋಡೆಬೀರುವನ್ನೊಮ್ಮೆ ತೆರೆದು ನೋಡಿ. ಗಜಕರ್ಣಕ್ಕೋ ನವೆಗೋ ತಂದ ಮುಲಾಮಿನ ಕೊಳವೆಯೊಂದು ಅಲ್ಲಿರಬಹುದು. "ಇದನ್ನು ಮುಖಕ್ಕೆ ಹಚ್ಚಿದರೆ ಬಣ್ಣ ಬರುತ್ತದೆ" ಎಂದು ಯಾರೋ ಹೇಳಿದರೆಂದು ಮದುವೆಗೆ ಮೊದಲು ಮಗಳು ಅದನ್ನೇ ರಾತ್ರಿ ರಾತ್ರಿ ಹಚ್ಚತೊಡಗುತ್ತಾಳೆ. ಮೊದಲ ಕೆಲವು ವಾರ ಮುಖ ನಿಜಕ್ಕೂ ತಿಳಿಯಾದಂತೆ ಕಾಣುತ್ತದೆ. ಅದೇ ಮೋಸ. ಬರಬರುತ್ತ ಚರ್ಮ ತೆಳ್ಳಗಾಗಿ ಸಣ್ಣ ರಕ್ತನಾಳಗಳು ಕೆಂಪಗೆ ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಹುಟ್ಟುವುದೂ ಉಂಟು. ಬಿಸಿಲಿಗೆ ಹೋದರೆ ಉರಿ. ಹೆದರಿ ಮುಲಾಮನ್ನು ನಿಲ್ಲಿಸಿದರೆ ಮುಖ ಇನ್ನಷ್ಟು ಕೆಂಪಾಗಿ ಉರಿಯುತ್ತದೆ. ಆಗ ಮತ್ತೆ ಅದೇ ಕೊಳವೆ! ಹೀಗೆ ತಿಂಗಳು, ವರ್ಷಗಳು ಕಳೆಯುತ್ತವೆ. ಸ್ಟೀರಾಯ್ಡ್ ಮುಲಾಮುಗಳ ಈ ದುರುಪಯೋಗ ದೇಶದಲ್ಲೆಲ್ಲ ಹಬ್ಬಿದುದರಿಂದಲೇ 2018ರಲ್ಲಿ ಕೇಂದ್ರ ಸರ್ಕಾರ ಅವುಗಳಲ್ಲಿ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕೊಳವೆಯ ಮೇಲೆ ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಿರಿ. ಸರಿಯಾದ ರೋಗಕ್ಕೆ, ಸರಿಯಾದ ಜಾಗಕ್ಕೆ, ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಅವು ಒಳ್ಳೆಯ ಔಷಧಗಳೇ. ಬಣ್ಣಕ್ಕಾಗಿ ಮುಖಕ್ಕೆ ಹಚ್ಚತಕ್ಕವಲ್ಲ.

ಹಾಗಾದರೆ ಮುಖಕ್ಕೆ ಹಚ್ಚುವುದೇನು? ಅರಿಶಿನವನ್ನು ಬಿಡಬೇಕಾದುದಿಲ್ಲ. ಕೊಂಬನ್ನು ಕೊಂಡು ಮನೆಯಲ್ಲೇ ತೇಯ್ದುಕೊಂಡರೆ ಒಳ್ಳೆಯದು. ಕಣ್ಣು ಕೋರೈಸುವ ಹಳದಿಯ ಬಿಡಿ ಪುಡಿಗೆ ಸೀಸದ ಕ್ರೋಮೇಟ್ ಬೆರೆಸುವುದುಂಟು. ಮುಖಕ್ಕೆಂದೇ ಇರುವ ಕಸ್ತೂರಿ ಅರಿಶಿನದಲ್ಲಿ ಕರ್ಕ್ಯುಮಿನ್ ಕಡಿಮೆ; ಅದರ ಪುಡಿ ಮಾಸಲು ಬಣ್ಣದ್ದು, ಕರ್ಪೂರದಂಥ ವಾಸನೆಯುಳ್ಳದ್ದು. ಆ ಹೆಸರಿನಲ್ಲಿ ಕಡುಹಳದಿಯ ಪುಡಿ ಕೊಟ್ಟರೆ ಸಂದೇಹಪಡಿ. ಹಣೆಯ ಕುಂಕುಮದ ವಿಷಯವೂ ಹೀಗೆಯೇ. ಅರಿಶಿನ, ಸುಣ್ಣಗಳಿಂದ ಮಾಡಿದ್ದು ಬೇರೆ, ರಾಸಾಯನಿಕ ಬಣ್ಣ ಹಾಕಿದ್ದು ಬೇರೆ. ಅಂಟಿಸುವ ಬಿಂದಿಯ ಅಂಟಿನಿಂದ ಹಣೆಯ ನಡುವೆ ಬಿಳಿಮಚ್ಚೆ ಮೂಡುವುದುಂಟು. ಅಲ್ಲಿ ನವೆ ಕಂಡ ಕೂಡಲೇ ಬಿಂದಿಯನ್ನು ತೆಗೆದುಬಿಡಿ.

ಹೊಸದಾದ ಯಾವುದನ್ನೇ ಆಗಲಿ ನೇರವಾಗಿ ಕೆನ್ನೆಗೆ ಹಚ್ಚಬೇಡಿ. ಮೊಣಕೈಯ ಒಳಮಗ್ಗುಲಲ್ಲಿ ಕಾಸಿನಗಲ ಹಚ್ಚಿ ಎರಡು ದಿನ ಕಾಯಿರಿ. ಅಲ್ಲಿ ಕೆಂಪಾಗದಿದ್ದರೆ ಕಿವಿಯ ಹಿಂದೆ ಹಚ್ಚಿ ನೋಡಿ. ಮುಖದ ಸರದಿ ಅನಂತರ. ಮದುವೆಯ ಹಿಂದಿನ ದಿನವಂತೂ ಹೊಸ ಪ್ರಯೋಗ ಬೇಡವೇ ಬೇಡ. ಮುಲಾಮು ಹಚ್ಚಿ ಹಚ್ಚಿ ಮುಖ ಆಗಲೇ ಕೆಂಪಾಗಿದ್ದರೆ ಮುಚ್ಚಿಡಬೇಡಿ. ಮಗಳನ್ನು ಬೈಯಲೂ ಬೇಡಿ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಚರ್ಮದ ವೈದ್ಯರಿದ್ದಾರೆ. ಹೋಗುವಾಗ ಆ ಕೊಳವೆಯನ್ನೂ ಜೊತೆಗೆ ಒಯ್ಯಿರಿ. ಎಷ್ಟು ದಿನದಿಂದ ಹಚ್ಚಿದ್ದೆಂದು ಮರೆಮಾಚದೆ ಹೇಳಿ. ಅದರಿಂದಲೇ ಅರ್ಧ ಚಿಕಿತ್ಸೆ ಸುಲಭವಾಗುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 2018ರಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ನಿಮ್ಮಲ್ಲಿ ಅನೇಕರು ನೋಡಿರಬಹುದು. ಹಾಲು, ಚಂದನ, ಅರಿಶಿನಗಳು ಮುಡಿಯಿಂದ ಅಡಿಯವರೆಗೆ ಹರಿದವು. ಗೊಮ್ಮಟನಿಗೆ ಎಲ್ಲವೂ ಒಂದೇ, ಏಕೆಂದರೆ ಆತ ಅಡಿಯಿಂದ ಮುಡಿಯವರೆಗೆ ಒಂದೇ ಕಲ್ಲು. ನಮ್ಮ ಮೈ ಹಾಗಲ್ಲ. ಹಿಮ್ಮಡಿಗೆ ಸಲ್ಲುವುದು ಕೆನ್ನೆಗೂ ಸಲ್ಲಲೇಬೇಕೆಂದಿಲ್ಲ. ಇದೊಂದು ಮಾತು ನೆನಪಿನಲ್ಲಿದ್ದರೆ, ಮಗಳು ಕನ್ನಡಿಯ ಮುಂದೆ ನಿಂತು ಮುಖ ಮರೆಸಿಕೊಳ್ಳುವ ದಿನ ನಿಮ್ಮ ಮನೆಗೆ ಬಾರದು.