ಪಿನ್ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ

ವಿಜಯಪುರದ ಗಾಂಧಿ ಚೌಕದಲ್ಲಿ ಇಂದು ತಳ್ಳುಗಾಡಿಯಿಂದ ಬಟ್ಟೆಯಂಗಡಿಯವರೆಗೆ ಕ್ಯೂಆರ್ ಚೀಟಿ ಕಾಣದ ಸ್ಥಳ ವಿರಳ. ತಿಕೋಟಾ, ಬಬಲೇಶ್ವರದ ಕಡೆಯಿಂದ ಪೇಟೆಗೆ ಬರುವವರೂ ನೋಟಿನ ಬದಲು ಮೊಬೈಲನ್ನೇ ಮುಂದೆ ಹಿಡಿಯುತ್ತಾರೆ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಿಂದ, ದೂರದ ಊರಿನಲ್ಲಿ ದುಡಿಯುವ ಮಗ ಕಳುಹಿಸಿದ ಹಣ ಕ್ಷಣಾರ್ಧದಲ್ಲಿ ತಾಯಿಯ ಖಾತೆ ಸೇರುತ್ತದೆ. ಆದರೆ ಅಷ್ಟೇ ಬೇಗ ಅದು ವಂಚಕನ ಖಾತೆಗೂ ಹೋಗಬಲ್ಲದು. ಆದುದರಿಂದ ಕೆಲವು ಸಂಗತಿಗಳನ್ನು ನಮ್ಮ ಪ್ರತಿಯೊಂದು ಕುಟುಂಬವೂ ಅರಿತಿರುವುದು ಅವಶ್ಯ.

ಪಾವತಿಯಲ್ಲಿ ಯುಪಿಐ ಪಿನ್ ಬೇಕಾಗುವುದು ಹಣ ನಮ್ಮ ಖಾತೆಯಿಂದ ಹೊರಹೋಗುವಾಗ ಮಾತ್ರ. ಬರುವ ಹಣಕ್ಕೆ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ‘ನಿಮ್ಮ ಹಳೆಯ ಮಂಚ ಕೊಳ್ಳುತ್ತೇನೆ, ಮುಂಗಡ ಪಡೆಯಲು ಪಿನ್ ಒತ್ತಿರಿ’ ಎನ್ನುವವನು ಕೊಡಲು ಬಂದವನಲ್ಲ, ಕೊಂಡೊಯ್ಯಲು ಬಂದವನು. ವ್ಯಕ್ತಿಗಳ ನಡುವೆ ಹಣದ ಕೋರಿಕೆ ಕಳುಹಿಸುವ ಸೌಲಭ್ಯವನ್ನು ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದರೂ, ಕ್ಯೂಆರ್ ಚಿತ್ರ ಕಳುಹಿಸಿ ಮೋಸಗೊಳಿಸುವ ದಾರಿ ಉಳಿದೇ ಇದೆ.

ಅಂಗಡಿಯಲ್ಲಿ ಪಿನ್ ಒತ್ತುವ ಮುನ್ನ ತೆರೆಯ ಮೇಲೆ ಮೂಡುವ ಹೆಸರನ್ನು ಓದಬೇಕು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ ಕ್ಯೂಆರ್ ಚೀಟಿಯ ಮೇಲೆ ಬೇರೆ ಚೀಟಿ ಅಂಟಿಸಿದ ಪ್ರಕರಣ ಬೆಳಕಿಗೆ ಬಂದಿತು. ವ್ಯಾಪಾರಿಗಳಾದರೋ, ಗಿರಾಕಿಯ ಮೊಬೈಲಿನ ಚಿತ್ರವನ್ನು ನಂಬದೆ, ಹಣ ತಮ್ಮ ಖಾತೆಗೆ ಜಮೆಯಾಯಿತೇ ಎಂದು ನೋಡಿಕೊಳ್ಳಬೇಕು.

ನಮ್ಮ ಭಕ್ತಿ, ಭಯಗಳೂ ವಂಚಕರಿಗೆ ಬಂಡವಾಳವೇ. ಗುರುಗಳ ಭಾವಚಿತ್ರವಿಟ್ಟು ವಾಟ್ಸಾಪಿನಲ್ಲಿ ತುರ್ತು ಸಹಾಯ ಬೇಡುವವರಿದ್ದಾರೆ. ಹಾಗೆ ಸಂದೇಶ ಬಂದಾಗ, ನಮ್ಮಲ್ಲಿ ಮೊದಲೇ ಇರುವ ಸಂಖ್ಯೆಗೆ ಕರೆಮಾಡಿ ಗುರುಗಳನ್ನೇ ವಿಚಾರಿಸಿದರೆ ದಾನಕ್ಕೆ ಕುಂದಿಲ್ಲ. ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರೂ ಇದ್ದಾರೆ. ಅಂಥ ಬಂಧನ ನಮ್ಮ ದೇಶದ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಇಷ್ಟಾದರೂ ಮೋಸ ಹೋದರೆ ಏನು ಮಾಡಬೇಕು? ತಡಮಾಡದೆ 1930ಕ್ಕೆ ಕರೆಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ದೂರು ದಾಖಲಾದೊಡನೆ ಹಣ ಸೇರಿದ ಬ್ಯಾಂಕಿಗೆ ಸೂಚನೆ ಹೋಗಿ, ಆ ಖಾತೆಯಲ್ಲಿ ಉಳಿದಿರುವ ಮೊತ್ತವನ್ನು ತಡೆಹಿಡಿಯಲು ಅವಕಾಶವಾಗುತ್ತದೆ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸಿದಷ್ಟೂ ಆ ಅವಕಾಶ ಕ್ಷೀಣಿಸುತ್ತದೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯೂ ಶೀಘ್ರ ದೂರಿಗೇ ಒತ್ತು ಕೊಟ್ಟಿತು. ಗ್ರಾಹಕನೇ ಗುಪ್ತಸಂಖ್ಯೆ ತಿಳಿಸಿದ್ದ ಪಕ್ಷದಲ್ಲಿ ಬ್ಯಾಂಕಿಗೆ ದೂರು ಮುಟ್ಟುವವರೆಗಿನ ನಷ್ಟ ಅವನದು, ಅನಂತರದ್ದು ಬ್ಯಾಂಕಿನದು ಎಂದು ಅದು ವಿಧಿಸಿತು.

ಆದರೆ ಅನೇಕ ಮನೆಗಳಲ್ಲಿ ಆ ಅಮೂಲ್ಯ ಸಮಯ ಕಳೆದುಹೋಗುವುದು ನಾಚಿಕೆಯಿಂದ. ಮಕ್ಕಳು ಬಯ್ಯುವರೆಂದು ಅಜ್ಜಿ ಮುಚ್ಚಿಡುತ್ತಾರೆ. ಅಪ್ಪ ಸಿಟ್ಟಾಗುವರೆಂದು ಮಗಳು ಸುಮ್ಮನಾಗುತ್ತಾಳೆ. ಅಷ್ಟರಲ್ಲಿ ಹಣ ಕೈಮೀರುತ್ತದೆ. ಮೋಸಹೋದವರು ಅಪರಾಧಿಗಳಲ್ಲ. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಮರಳಿದ ಮೇಲೆ ಎಲ್ಲರೂ ಕೂಡಿ ಈ ವಿಷಯ ಮಾತಾಡೋಣ. ಹಿರಿಯರ ಮೊಬೈಲಿನಲ್ಲಿ 1930 ಉಳಿಸಿ ಕೊಡೋಣ. ಏನೇ ಆದರೂ ಬಯ್ಯದೆ ಕೇಳುವೆವೆಂಬ ಭರವಸೆ ನಮ್ಮ ಮನೆಗಳಲ್ಲಿರಲಿ.