ಒಂದು ಚಿತ್ರ, ನಾಲ್ಕು ಪತ್ರ

ಕಾಲೇಜಿನ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದರೆ ಹೇಗೋ ಕಣ್ಣಿಗೆ ಬೀಳುತ್ತದೆ. ‘ಹೊಸ ಪುಸ್ತಕಗಳು’ ಎಂಬ ಚೀಟಿ ಅಂಟಿಸಿದ ಕಪಾಟಿನ ಮುಂದೆ ಯಾರಾದರೂ ನಿಂತೇ ನಿಲ್ಲುತ್ತಾರೆ. ಡಿವಿಡಿಗೆ ಆ ಭಾಗ್ಯವಿಲ್ಲ. ಅದು ಕೌಂಟರಿನ ಹಿಂದಿನ ಬೀರುವಿನಲ್ಲಿರುತ್ತದೆ. ಚಂದಾ ಕಟ್ಟಿ ಪಡೆದ ಸ್ಟ್ರೀಮಿಂಗ್ ಚಿತ್ರವಂತೂ ಎಲ್ಲಿಯೂ ಕಾಣಿಸುವುದಿಲ್ಲ. ಹಾಗಾಗಿ ದೃಶ್ಯ-ಶ್ರವ್ಯ ಸಾಮಗ್ರಿ ಬಂದಿದೆ ಎಂದು ಅಧ್ಯಾಪಕರಿಗೆ ತಿಳಿಸುವುದು ಗ್ರಂಥಪಾಲಕರ ಬಲು ನಾಜೂಕಿನ ಕಸುಬು.

ಈ ಕಸುಬಿನ ಬೇರು ಹಳೆಯದು. ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೂರನೆಯದರ ತಾತ್ಪರ್ಯ, ಪ್ರತಿ ಪುಸ್ತಕಕ್ಕೂ ತಕ್ಕ ಓದುಗ ಸಿಗಬೇಕು ಎಂಬುದು. ನಾಲ್ಕನೆಯದು ಓದುಗರ ಸಮಯ ಉಳಿಸುವ ಮಾತು. ಅತ್ತ ಅಮೆರಿಕದ ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ 1958ರಲ್ಲಿ ಒಂದು ವ್ಯವಸ್ಥೆಯನ್ನು ಮುಂದಿಟ್ಟರು: ಪ್ರತಿಯೊಬ್ಬರ ಆಸಕ್ತಿಯನ್ನೂ ಪದಗಳ ಪಟ್ಟಿಯಾಗಿ ಬರೆದಿಡುವುದು, ಹೊಸ ಲೇಖನ ಬಂದಾಗ ಅದಕ್ಕೆ ತಾಳೆ ನೋಡುವುದು, ಹೊಂದಿದವರಿಗಷ್ಟೇ ಸುದ್ದಿ ಕಳಿಸುವುದು. ಬಂದದ್ದರಲ್ಲಿ ಅವರು ಯಾವುದನ್ನು ಆರಿಸಿಕೊಂಡರು ಎಂಬುದನ್ನು ನೋಡಿ ಪಟ್ಟಿಯನ್ನು ತಿದ್ದುತ್ತಾ ಹೋಗುವುದು.

ನಮ್ಮ ಒಳ್ಳೆಯ ಗ್ರಂಥಪಾಲಕರು ಇದನ್ನೇ ಕಂಪ್ಯೂಟರಿನ ಜೊತೆಗೆ ತಲೆಯಲ್ಲೂ ಮಾಡುತ್ತಾರೆ. ಈ ಸೆಮಿಸ್ಟರ್ ಯಾರು ಯಾವ ಪತ್ರಿಕೆ ಬೋಧಿಸುತ್ತಾರೆ, ಯಾವ ಘಟಕ ಯಾವ ತಿಂಗಳಲ್ಲಿ ಬರುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಕ್ಯಾಟಲಾಗಿಗಿಂತ ಮೊದಲು ಅವರು ಓದುವುದು ಪಠ್ಯಕ್ರಮವನ್ನು.

ಗ್ರಂಥಾಲಯಕ್ಕೆ ‘ಸಂಸ್ಕಾರ’ ಚಿತ್ರದ ಪ್ರತಿ ಬಂದಿದೆ ಎನ್ನೋಣ. ‘ಸಂಸ್ಕಾರ, 1970, ಕನ್ನಡ, ನಿರ್ದೇಶನ ಪಟ್ಟಾಭಿರಾಮ ರೆಡ್ಡಿ’ ಎಂಬ ಒಂದೇ ಸಾಲನ್ನು ಎಲ್ಲರಿಗೂ ಕಳಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಬಲ್ಲವರು ನಾಲ್ಕು ಪತ್ರ ಬರೆಯುತ್ತಾರೆ. ಕನ್ನಡ ವಿಭಾಗಕ್ಕೆ: ಚಿತ್ರಕ್ಕೆ ಮೂಲವಾದ ಯು. ಆರ್. ಅನಂತಮೂರ್ತಿಯವರ ಕಾದಂಬರಿ ಪಠ್ಯದಲ್ಲಿದೆ, ಪ್ರಾಣೇಶಾಚಾರ್ಯರ ಪಾತ್ರದಲ್ಲಿ ಗಿರೀಶ ಕಾರ್ನಾಡರಿದ್ದಾರೆ, ಕೃತಿಯನ್ನೂ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಚರ್ಚಿಸಬಹುದು. ಇಂಗ್ಲಿಷ್ ವಿಭಾಗಕ್ಕೆ: ಎ. ಕೆ. ರಾಮಾನುಜನ್ ಅವರ 1976ರ ಅನುವಾದದ ಜೊತೆಗೆ ಇದನ್ನು ತೋರಿಸಬಹುದು. ಸಮಾಜಶಾಸ್ತ್ರಕ್ಕೆ: ಆಚಾರ ಬಿಟ್ಟು ಬಾಳಿ ಸತ್ತ ಬ್ರಾಹ್ಮಣ ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆ ಜಾತಿಯ ಪಾಠಕ್ಕೆ ನೇರವಾಗಿ ಒದಗುತ್ತದೆ. ರಾಜ್ಯಶಾಸ್ತ್ರಕ್ಕೆ: ಚಿತ್ರಕ್ಕೆ ಮೊದಲು ಸೆನ್ಸಾರ್ ಅಡ್ಡಿಯಾಯಿತು; ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿದರು. ಚಿತ್ರ ಒಂದೇ, ಆದರೆ ಪ್ರತಿ ಪತ್ರವೂ ಒಬ್ಬ ಅಧ್ಯಾಪಕರ ಒಂದು ತರಗತಿಯನ್ನು ಕಣ್ಮುಂದೆ ಇಟ್ಟುಕೊಂಡು ಬರೆದದ್ದು.

ಪತ್ರದ ಉಳಿದರ್ಧ ಬರೀ ವಿವರ, ಆದರೆ ಅಧ್ಯಾಪಕರು ತೋರಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅದನ್ನು ನೋಡಿಯೇ. ಚಿತ್ರ ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತದೆಯೇ? ಮುಗಿಯದಿದ್ದರೆ ಯಾವ ಭಾಗ ತೋರಿಸಬಹುದು? ಸಬ್‌ಟೈಟಲ್ ಇದೆಯೇ? ಮನೆಯಿಂದ ಲಾಗಿನ್ ಆಗಬಹುದೇ, ಕ್ಯಾಂಪಸ್ಸಿನಲ್ಲಿ ಮಾತ್ರವೇ? ಪರವಾನಗಿ ಯಾವಾಗ ಮುಗಿಯುತ್ತದೆ? ತೋರಿಸಲು ಅನುಮತಿ ಬೇಕೇ ಎಂಬ ಅಳುಕು ಹಲವರಲ್ಲಿರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿ, ಪೋಷಕರಂಥ ಸೀಮಿತ ಪ್ರೇಕ್ಷಕರಿಗೆ ಚಿತ್ರ ತೋರಿಸಲು ಅವಕಾಶ ಕೊಟ್ಟಿದೆ. ಇದನ್ನು ಒಂದು ಸಾಲಿನಲ್ಲಿ ಹೇಳಿದರೆ ಅಳುಕು ಹೋಗುತ್ತದೆ. ಸ್ಟ್ರೀಮಿಂಗ್ ಆದರೆ ಒಪ್ಪಂದದ ಷರತ್ತನ್ನೂ ಸೇರಿಸಬೇಕು.

ಹೊತ್ತು ನೋಡಿ ಹೇಳುವುದೂ ಈ ಕಲೆಯ ಭಾಗ. ಪಾಠಯೋಜನೆ ಬರೆಯುವ ದಿನಗಳಲ್ಲಿ ಬಂದ ಪತ್ರಕ್ಕೆ ಬೆಲೆಯಿದೆ. ಅದೇ ಪತ್ರ ಮೌಲ್ಯಮಾಪನದ ಗಡಿಬಿಡಿಯಲ್ಲಿ ಬಂದರೆ ತೆರೆಯುವವರೂ ಇರುವುದಿಲ್ಲ.

ಇಷ್ಟೆಲ್ಲ ಶ್ರಮಪಟ್ಟು ಬರೆದ ಪತ್ರಕ್ಕೆ ಉತ್ತರ ಬರುವುದು ಅಪರೂಪ. ಉತ್ತರವಿಲ್ಲದೆ ಗ್ರಂಥಪಾಲಕರು ತಮ್ಮ ಪಟ್ಟಿಯನ್ನು ತಿದ್ದಿಕೊಳ್ಳುವುದು ಹೇಗೆ? ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಸೆಮಿಸ್ಟರ್ ಶುರುವಾಗುವ ಮೊದಲು ನಿಮ್ಮ ಪಠ್ಯಕ್ರಮದ ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಿ. ಬಂದ ಪತ್ರಕ್ಕೆ ‘ಬೇಕು’, ‘ಬೇಡ’ ಎಂದಾದರೂ ಬರೆಯಿರಿ. ಮುಂದಿನ ಪತ್ರ ನಿಮಗೆ ಇನ್ನಷ್ಟು ಉಪಯೋಗಕ್ಕೆ ಬರುತ್ತದೆ.