ಮರಳಿ ಬಂದು ಕುಳಿತುಕೊಳ್ಳುವ ಸಾಧನೆ
(ಜನವರಿ 17: ವನವಾಸಿ ಸಂತ ಅಂತೋಣಿಯವರ ಹಬ್ಬ)



ಸಂತ ಅಂತೋಣಿ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಬಾಲಯೇಸುವನ್ನು ಎತ್ತಿಕೊಂಡ ಪಾದುವಾ ನಗರದ ಸಂತರು. ಕಳೆದುಹೋದ ವಸ್ತು ಸಿಗಲೆಂದು ನಾವು ಮೊರೆಯಿಡುವುದು ಅವರಿಗೇ. ಆದರೆ ಅವರಿಗೆ ಆ ಹೆಸರು ಬಂದದ್ದು ಇನ್ನೊಬ್ಬ ಅಂತೋಣಿಯವರಿಂದ. ಪೋರ್ಚುಗಲ್ಲಿನ ಫೆರ್ನಾಂಡೊ ಎಂಬ ಯುವ ಗುರು 1220ರಲ್ಲಿ ಫ್ರಾನ್ಸಿಸ್ಕನ್ ಸಭೆಗೆ ಸೇರಿದಾಗ, ಅವರು ಪ್ರವೇಶಿಸಿದ ಪುಟ್ಟ ಆಶ್ರಮ ಈಜಿಪ್ಟಿನ ವನವಾಸಿ ಅಂತೋಣಿಯವರಿಗೆ ಸಮರ್ಪಿತವಾಗಿತ್ತು. ಆ ಹೆಸರನ್ನೇ ಅವರು ತಮ್ಮದಾಗಿಸಿಕೊಂಡರು. ಆ ಹಿರಿಯ ಅಂತೋಣಿಯವರ ಹಬ್ಬ ಜನವರಿ 17ರಂದು. ಕಳೆದುಹೋದ ವಸ್ತುವಿಗೆ ಕಿರಿಯ ಅಂತೋಣಿ, ಕಳೆದುಹೋದ ಮನಸ್ಸಿಗೆ ಹಿರಿಯ ಅಂತೋಣಿ ಎಂದು ನಾನು ತಮಾಷೆಗೆ ಹೇಳುವುದುಂಟು. ತಮಾಷೆಯಾದರೂ ಅದರಲ್ಲೊಂದು ಸತ್ಯವಿದೆ.

ಮೊದಲು ನನ್ನದೇ ತಪ್ಪು

ಕೆಲವು ವರ್ಷಗಳ ಹಿಂದೆ, ಹಾಸಿಗೆ ಹಿಡಿದಿದ್ದ ಒಬ್ಬ ವೃದ್ಧ ತಾಯಿಗೆ ಪರಮಪ್ರಸಾದ ನೀಡಲು ಹೋಗಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಅವರು ನನ್ನ ಕೈ ಹಿಡಿದುಕೊಂಡು, ಬಹುಕಾಲದಿಂದ ಮಾತು ಬಿಟ್ಟಿದ್ದ ತಮ್ಮನ ವಿಷಯ ಹೇಳತೊಡಗಿದರು. ಅಷ್ಟರಲ್ಲಿ ಜೇಬಿನಲ್ಲಿದ್ದ ಮೊಬೈಲ್ ಒಮ್ಮೆ ಅದುರಿತು. ನಾನದನ್ನು ಹೊರಗೆ ತೆಗೆಯಲಿಲ್ಲ. ಆದರೆ ಮನಸ್ಸು ಆಗಲೇ ಎದ್ದು ಹೊರಟಾಗಿತ್ತು. ಯಾರಿರಬಹುದು? ಶಾಲೆಯ ಕಟ್ಟಡದ ಮೇಸ್ತ್ರಿಯೇ?

"ಕೇಳಿಸ್ತಾ ಫಾದರ್?" ಎಂದರು ಆ ತಾಯಿ.

"ಕೇಳಿಸ್ತು ಅಮ್ಮಾ" ಎಂದೆ. ಅದು ಸುಳ್ಳು. ಅವರಿಗೂ ಅದು ತಿಳಿದಿರಬೇಕು. ಮಾತನ್ನು ಅಲ್ಲಿಗೇ ನಿಲ್ಲಿಸಿ, ಕಾಫಿ ತರುವಂತೆ ಸೊಸೆಯನ್ನು ಕೂಗಿದರು. ಹದಿನೈದು ದಿನಗಳಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದರು. ಸಮಾಧಿಯ ಬಳಿ ಆ ತಮ್ಮ ಬಂದು, "ಅಕ್ಕ ನನ್ನ ಬಗ್ಗೆ ಏನಾದ್ರೂ ಹೇಳಿದ್ಲಾ ಫಾದರ್?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಏಕಾಗ್ರತೆ ಎಂದರೆ ಪರೀಕ್ಷೆ ಬರೆಯುವ ಮಕ್ಕಳಿಗೆ ಮಾತ್ರ ಬೇಕಾದದ್ದು ಎಂದುಕೊಂಡಿದ್ದೆ. ಅದು ಪ್ರೀತಿಯ ವಿಷಯವೂ ಹೌದೆಂದು ಅಂದು ಅರಿತೆ.

ನಡುಹಗಲಿನ ಪಿಶಾಚಿ

ಅಂತೋಣಿಯವರು ಹುಟ್ಟಿದ್ದು ಸುಮಾರು 251ರಲ್ಲಿ, ಅನುಕೂಲಸ್ಥ ರೈತ ಕುಟುಂಬದಲ್ಲಿ. ಎಲ್ಲವನ್ನೂ ಮಾರಿ ಬಡವರಿಗೆ ಕೊಟ್ಟು ತನ್ನನ್ನು ಹಿಂಬಾಲಿಸೆಂಬ ಯೇಸುಸ್ವಾಮಿಯ ಕರೆಯನ್ನು ದೇವಾಲಯದಲ್ಲಿ ಕೇಳಿ, ಆಸ್ತಿಯನ್ನು ಹಂಚಿ ಮರುಭೂಮಿಗೆ ನಡೆದರು. ಅಲ್ಲಿ ಮೊಬೈಲ್ ಇರಲಿಲ್ಲ, ಟಿವಿ ಇರಲಿಲ್ಲ, ನೆರೆಹೊರೆಯೂ ಇರಲಿಲ್ಲ. ಹಾಗಾದರೆ ಮನಸ್ಸು ನೆಟ್ಟಗೆ ನಿಂತಿತೇ? ಇಲ್ಲ!

ಮರುಭೂಮಿಯ ಪಿತೃಗಳ ನುಡಿಸಂಗ್ರಹದಲ್ಲಿ ಅಂತೋಣಿಯವರ ಬಗ್ಗೆ ಬರುವ ಮೊದಲ ಪ್ರಸಂಗವೇ ಇದು. ಬೇಸರ ಮತ್ತು ನಾನಾ ಯೋಚನೆಗಳ ಕಾಟ ತಾಳಲಾರದೆ ಅವರು ದೇವರಿಗೆ ಮೊರೆಯಿಟ್ಟರು. ಹೊರಗೆ ಬಂದು ನೋಡಿದರೆ ತಮ್ಮಂತೆಯೇ ಕಾಣುವ ಒಬ್ಬ ವ್ಯಕ್ತಿ ಕುಳಿತು ಹಗ್ಗ ಹೆಣೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಕೆಲಸ ಬಿಟ್ಟೆದ್ದು ಪ್ರಾರ್ಥಿಸಿದ. ಮರಳಿ ಕುಳಿತು ಹೆಣೆದ. ಮರಳಿ ಎದ್ದು ಪ್ರಾರ್ಥಿಸಿದ. ಆತ ದೇವದೂತ. ಹೀಗೆಯೇ ಮಾಡಿದರೆ ಉದ್ಧಾರವಾಗುವೆ ಎಂದು ಆತ ತಿಳಿಸಿದನಂತೆ. ದೊಡ್ಡ ಉಪದೇಶವೇನೂ ಇಲ್ಲ. ಒಂದು ಹೊತ್ತಿಗೆ ಒಂದು ಕೆಲಸ. ಎದ್ದರೆ, ಮರಳಿ ಬಂದು ಕುಳಿತುಕೊ. ಅಷ್ಟೇ.

ಅದೇ ನಾಡಿನಲ್ಲಿ ಬಾಳಿ 399ರಲ್ಲಿ ತೀರಿಕೊಂಡ ಇವಾಗ್ರಿಯುಸ್ ಎಂಬ ತಪಸ್ವಿ ಈ ಬೇಸರಕ್ಕೆ ನಡುಹಗಲಿನ ಪಿಶಾಚಿ ಎಂಬ ಹೆಸರಿದೆ ಎನ್ನುತ್ತಾರೆ. ಬೆಳಿಗ್ಗೆ ಸುಮಾರು ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಕಾಟ. ಸೂರ್ಯ ಚಲಿಸುವುದೇ ಇಲ್ಲ, ಹಗಲಿಗೆ ಐವತ್ತು ಗಂಟೆಗಳಿವೆಯೇನೋ ಎನಿಸುತ್ತದೆ. ಊಟದ ಹೊತ್ತಾಯಿತೇ ಎಂದು ಸನ್ಯಾಸಿ ಮತ್ತೆ ಮತ್ತೆ ಹೊರಗೆ ಇಣುಕುತ್ತಾನೆ. ಇದ್ದ ಜಾಗವೂ ಬೇಡ, ಕೈಯ ಕೆಲಸವೂ ಬೇಡ. ಹದಿನಾರು ಶತಮಾನಗಳ ಹಿಂದಿನ ಈ ಚಿತ್ರ ಪುಸ್ತಕದ ಮುಂದೆ ಕುಳಿತ ನಮ್ಮ ಮಗನದ್ದೇ ಅಲ್ಲವೇ? ಹೊಸ ಸಂದೇಶ ಬಂದಿದೆಯೇ ಎಂದು ಹತ್ತು ಸಲ ನೋಡುವ ನಮ್ಮದೇ ಅಲ್ಲವೇ? ಮೊಬೈಲ್ ಈ ರೋಗವನ್ನು ಹುಟ್ಟಿಸಲಿಲ್ಲ, ಅದಕ್ಕೆ ಬಾಗಿಲು ತೆರೆದಿಟ್ಟಿತು.

ವಿಜ್ಞಾನ ಏನು ಹೇಳುತ್ತದೆ?

2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2,250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ವಿಚಾರಿಸಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ? ನೂರಕ್ಕೆ ಸುಮಾರು 47 ಸಲ ಮನಸ್ಸು ಕೈಯ ಕೆಲಸದಲ್ಲಿರಲಿಲ್ಲ. ಹಾಗೆ ಅಲೆಯುತ್ತಿದ್ದಾಗ ಜನರು ಕಡಿಮೆ ಸಂತೋಷದಿಂದಿದ್ದರು.

2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ನಮ್ಮ ಗಮನವೆಲ್ಲ ಜೊತೆಗೆ ಬರುವುದಿಲ್ಲ. ಅದರ ಒಂದಂಶ ಹಳೆಯ ಕೆಲಸದಲ್ಲೇ ಉಳಿದುಬಿಡುತ್ತದೆ. ಒಗ್ಗರಣೆಯ ಪಾತ್ರೆಯನ್ನು ತೊಳೆಯದೆ ಹಾಲು ಕಾಯಿಸಿದ ಹಾಗೆ. ಹೊಸ ಕೆಲಸಕ್ಕೆ ಹಳೆಯದರ ವಾಸನೆ ಹತ್ತುತ್ತದೆ.

ಮನೆಯಲ್ಲಿ ಮಾಡುವ ಅಭ್ಯಾಸ

ಹಾಗಾದರೆ ಏನು ಮಾಡಬೇಕು? ಐದು ಸರಳ ಅಭ್ಯಾಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಕೆಲಸಕ್ಕೆ ಹೊತ್ತು ಗೊತ್ತುಮಾಡಿ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಚೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರವನ್ನು ಮುಂದಿಟ್ಟುಕೊಂಡು ಓದುವ ಕ್ರಮವನ್ನು ರೂಢಿಸಿಕೊಂಡ. 25 ನಿಮಿಷ ಒಂದೇ ಕೆಲಸ, 5 ನಿಮಿಷ ವಿಶ್ರಾಂತಿ. ನಾಲ್ಕು ಸುತ್ತಾದ ಮೇಲೆ ದೀರ್ಘ ಬಿಡುವು. ಚಿಕ್ಕ ಮಕ್ಕಳಿಗೆ 10 ನಿಮಿಷವೇ ಸಾಕು.

ಎರಡನೆಯದಾಗಿ, ಆ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮಕ್ಕಳದು ಮಾತ್ರವಲ್ಲ, ತಂದೆತಾಯಿಯರದೂ. ಮಗ ಓದುವಾಗ ಅಪ್ಪ ಪಕ್ಕದಲ್ಲೇ ವಿಡಿಯೋ ನೋಡುತ್ತಿದ್ದರೆ ಬುದ್ಧಿವಾದ ನಾಟುವುದಿಲ್ಲ.

ಮೂರನೆಯದಾಗಿ, ಪಕ್ಕದಲ್ಲೊಂದು ಚೀಟಿ ಇರಲಿ. ಗ್ಯಾಸ್ ಬುಕ್ ಮಾಡಬೇಕು, ಕರೆಂಟ್ ಬಿಲ್ ಕಟ್ಟಬೇಕು ಎಂದು ನೆನಪಾದರೆ ಅದರಲ್ಲಿ ಗೀಚಿ ಕೆಲಸಕ್ಕೆ ಮರಳಿ. ಯಾರಾದರೂ ಕರೆದು ಏಳಲೇಬೇಕಾದರೆ, ಎಲ್ಲಿ ನಿಲ್ಲಿಸಿದೆ, ಮುಂದೆ ಏನು ಎಂದು ಒಂದು ಸಾಲು ಬರೆದಿಟ್ಟು ಏಳಿ. ಹೀಗೆ ಮಾಡಿದರೆ ಮನಸ್ಸು ಹಳೆಯ ಕೆಲಸಕ್ಕೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆಂದು ಲೆರಾಯ್ ಮತ್ತು ಅವರ ಸಹೋದ್ಯೋಗಿ 2018ರಲ್ಲಿ ತೋರಿಸಿದ್ದಾರೆ.

ನಾಲ್ಕನೆಯದಾಗಿ, ಮನಸ್ಸಿಗೆ ಹಿಡಿದುಕೊಳ್ಳಲು ಏನಾದರೂ ಕೊಡಿ. ಈಜಿಪ್ಟಿನ ಸನ್ಯಾಸಿಗಳನ್ನು ಕಂಡು ಬಂದ ಸಂತ ಜಾನ್ ಕ್ಯಾಸಿಯನ್ನರು ಐದನೆಯ ಶತಮಾನದ ಆರಂಭದಲ್ಲಿ ಮೋಶೆ ಎಂಬ ಮಠಪಿತರ ಹೋಲಿಕೆಯೊಂದನ್ನು ಬರೆದಿಟ್ಟಿದ್ದಾರೆ. ನೀರಿನ ರಭಸಕ್ಕೆ ತಿರುಗುವ ಬೀಸುಕಲ್ಲನ್ನು ನಿಲ್ಲಿಸಲಾಗದು. ಆದರೆ ಅದಕ್ಕೆ ಗೋಧಿ ಹಾಕಬೇಕೋ ಕಳೆಬೀಜ ಹಾಕಬೇಕೋ ಎಂಬುದು ಯಜಮಾನನ ಕೈಯಲ್ಲಿದೆ. ಮನಸ್ಸೂ ಹಾಗೆಯೇ. ಇನ್ನೊಬ್ಬ ಮಠಪಿತ ಇಸಾಕರು ಕಲಿಸಿದ್ದು, ನೆರವಿಗೆ ಬೇಗನೆ ಬಾರೆಂದು ದೇವರನ್ನು ಕರೆಯುವ 70ನೆಯ ಕೀರ್ತನೆಯ ಮೊದಲ ಮಾತನ್ನೇ ದಿನವಿಡೀ ಜಪಿಸುವುದನ್ನು. ಅದೇ ಮಾತಿನಿಂದ ಧರ್ಮಸಭೆಯ ಯಾಮಪ್ರಾರ್ಥನೆ ಇಂದಿಗೂ ಆರಂಭವಾಗುತ್ತದೆ. ಜಪಸರದ ಮಣಿಗಳೂ ಬೆರಳಿಗೆ ಅಂಥದೇ ಆಸರೆ.

ಕೊನೆಯದಾಗಿ, ಮನಸ್ಸು ಓಡಿದ್ದಕ್ಕೆ ಬೈದುಕೊಳ್ಳಬೇಡಿ. ಬಯ್ಯುತ್ತಾ ಕುಳಿತರೆ ಅದೂ ಇನ್ನೊಂದು ಅಲೆದಾಟವೇ. ಬೀದಿಗೆ ಓಡಿದ ಮಗುವನ್ನು ಕೈಹಿಡಿದು ಕರೆತರುವಂತೆ ತನ್ನಿ. ಅರ್ಧ ಗಂಟೆಯಲ್ಲಿ ಇಪ್ಪತ್ತು ಸಲ ಓಡಿತೇ? ಇಪ್ಪತ್ತು ಸಲ ಕರೆತಂದಿರಾದರೆ ಅಂದಿನ ಅಭ್ಯಾಸ ಚೆನ್ನಾಗಿಯೇ ಆಯಿತು. ಕೆಲವು ಮಕ್ಕಳಿಗೆ ಎಷ್ಟು ಯತ್ನಿಸಿದರೂ ಗಮನ ನಿಲ್ಲುವುದಿಲ್ಲ. ಅದು ಸೋಮಾರಿತನವೆಂದು ಹೊಡೆಯದೆ ವೈದ್ಯರಿಗೆ ತೋರಿಸಿರಿ. ಅದಕ್ಕೆ ಚಿಕಿತ್ಸೆ ಮತ್ತು ನೆರವು ಇದೆ.

ಪ್ರಿಯರೇ, ನಾನು ಈಗ ರೋಗಿಗಳ ಮನೆಗೆ ಹೋಗುವಾಗ ಮೊಬೈಲನ್ನು ಗುರುನಿವಾಸದಲ್ಲೇ ಬಿಟ್ಟು ಹೋಗುತ್ತೇನೆ. ಆದರೂ ಮನಸ್ಸು ಓಡುತ್ತದೆ. ಓಡಿದಾಗ, "ಕ್ಷಮಿಸಿ ಅಮ್ಮಾ, ಇನ್ನೊಂದು ಸಲ ಹೇಳಿ" ಎನ್ನಲು ಕಲಿತಿದ್ದೇನೆ. ಅಂದು ಆ ಒಂದು ಮಾತು ಹೇಳಿದ್ದರೆ ಒಬ್ಬ ತಮ್ಮನಿಗೆ ಅವನ ಅಕ್ಕನ ಕಡೆಯ ಮಾತು ತಲುಪುತ್ತಿತ್ತು.

ಇಂದು ರಾತ್ರಿ ಊಟದ ಹೊತ್ತಿಗೆ ನಿಮ್ಮ ಮನೆಯಲ್ಲೂ ಯಾರೋ ಏನನ್ನೋ ಹೇಳಲು ಕಾಯುತ್ತಿರಬಹುದು. ಅವರ ಬಳಿ ಹೋಗಿ ಕುಳಿತುಕೊಳ್ಳೋಣ. ಮನಸ್ಸು ಎದ್ದು ಹೋದರೆ ಮರಳಿ ಬಂದು ಕುಳಿತುಕೊಳ್ಳೋಣ. ವನವಾಸಿ ಸಂತ ಅಂತೋಣಿಯವರು ನಮಗಾಗಿ ಪ್ರಾರ್ಥಿಸಲಿ.